ಅಕ್ಕಿ ಬಂತು, ಸಾರು ಎಲ್ಲಿ?

ಕಡಿಮೆ ದುಡ್ಡಿನಲ್ಲಿ ಸಂಸಾರದ ಹೊಟ್ಟೆ ತುಂಬಿಸುವುದು ಹೇಗೆ ಎಂಬ ಪ್ರಶ್ನೆಗೆ ಕರ್ನಾಟಕದ ಸರ್ಕಾರಗಳು ಕೊಡುತ್ತ ಬಂದ ಉತ್ತರ ಒಂದೇ: ಅಕ್ಕಿ. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾದಾಗ ಮೂರು ಅಥವಾ ಹೆಚ್ಚು ಜನರಿದ್ದ ಬಿಪಿಎಲ್ ಸಂಸಾರಕ್ಕೆ ಕೆ.ಜಿ.ಗೆ ಒಂದು ರೂಪಾಯಿಯಂತೆ 30 ಕೆ.ಜಿ. ಸಿಗುತ್ತಿತ್ತು. 2015ರಲ್ಲಿ ಆ ಒಂದು ರೂಪಾಯಿಯನ್ನೂ ಬಿಟ್ಟರು. 2023ರಲ್ಲಿ ತಲೆಗೆ 10 ಕೆ.ಜಿ. ಕೊಡಲು ಹೊರಟ ರಾಜ್ಯಕ್ಕೆ ಕೇಂದ್ರದ ಗೋದಾಮಿನಿಂದ ಹೆಚ್ಚುವರಿ ಅಕ್ಕಿ ಸಿಗಲಿಲ್ಲ. ಹಾಗಾಗಿ ಐದು ಕೆ.ಜಿ.ಯ ಬಾಬ್ತು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಬೀಳತೊಡಗಿತು. 2025ರ ಫೆಬ್ರುವರಿಯಿಂದ ದುಡ್ಡು ನಿಂತು ಮತ್ತೆ ಅಕ್ಕಿಯೇ ಬಂತು. ನಾಲ್ಕು ಜನರ ಮನೆಗೆ ತಿಂಗಳಿಗೆ 40 ಕೆ.ಜಿ.

ಈ ಉತ್ತರವನ್ನು ಹಗುರವಾಗಿ ಕಾಣುವಂತಿಲ್ಲ. ತಿಂಗಳ ಕೊನೆಯ ವಾರ ಪಕ್ಕದ ಮನೆಗೆ ಪಾವು ಅಕ್ಕಿ ಕಡ ಕೇಳಲು ಹೋಗುವ ಅವಸ್ಥೆ ಎಷ್ಟೋ ಮನೆಗಳಿಗೆ ತಪ್ಪಿದೆ. 1999-2000ರಲ್ಲಿ ಭಾರತದ ಹಳ್ಳಿಯ ಸಂಸಾರ ನೂರು ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ 22 ರೂಪಾಯಿ ಅಕ್ಕಿ, ಗೋಧಿ, ಜೋಳದಂಥ ಧಾನ್ಯಕ್ಕೇ ಹೋಗುತ್ತಿತ್ತು. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಹೊತ್ತಿಗೆ ಅದು ಐದು ರೂಪಾಯಿಗೂ ಕೆಳಗಿಳಿದಿತ್ತು. ಆದರೆ ಊಟದ ಒಟ್ಟು ಖರ್ಚು ಆ ಪ್ರಮಾಣದಲ್ಲಿ ಇಳಿಯಲಿಲ್ಲ. ನೂರರಲ್ಲಿ 46 ರೂಪಾಯಿ ಆಗಲೂ ಬಾಯಿಗೇ ಹೋಗುತ್ತಿತ್ತು. ಧಾನ್ಯ ಬಿಟ್ಟುಕೊಟ್ಟ ಜಾಗದಲ್ಲಿ ಬೇರೆಯವು ಬಂದು ಕೂತಿವೆ. ಅವುಗಳಲ್ಲಿ ಯಾವುದನ್ನು ಬಡ ಸಂಸಾರ ತನ್ನ ಜಾಣತನದಿಂದ ಅಗ್ಗ ಮಾಡಿಕೊಳ್ಳಬಲ್ಲದು, ಯಾವುದು ಎಂಥ ಜಾಣತನಕ್ಕೂ ಬಗ್ಗುವುದಿಲ್ಲ ಎಂಬುದನ್ನು ಈಗ ನೋಡಬೇಕಾಗಿದೆ.

ಅಕ್ಕಿ ಸಿಕ್ಕರೆ ಊಟ ಸಿಕ್ಕಂತೆ ಎಂಬ ನಂಬಿಕೆಯ ಬೇರು ಕ್ಯಾಲೊರಿ ಎಣಿಕೆಯಲ್ಲಿದೆ. 1971ರಲ್ಲಿ ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ದೇಶದ ಬಡತನವನ್ನು ಅಳೆದದ್ದು ದಿನಕ್ಕೆ 2,250 ಕ್ಯಾಲೊರಿಯ ಅಳತೆಗೋಲಿನಿಂದ. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ಗೆರೆ ಎಳೆಯಿತು. ಕ್ಯಾಲೊರಿಯನ್ನಷ್ಟೇ ಎಣಿಸಿದರೆ ಅಕ್ಕಿ-ಗೋಧಿಯಷ್ಟು ಅಗ್ಗದ್ದು ಇನ್ನೊಂದಿಲ್ಲ. ಆಮೇಲಿನ ನಲವತ್ತು ವರ್ಷದ ಪಡಿತರವೆಲ್ಲ ಆ ಗೆರೆಯ ಮೇಲೇ ನಡೆಯಿತು. 2019-20ರ ಕೇಂದ್ರದ ಆರ್ಥಿಕ ಸಮೀಕ್ಷೆ ಮಾತ್ರ ಅನ್ನದ ಜೊತೆಗೆ ಬೇಳೆ, ಪಲ್ಯ, ಉರುವಲನ್ನೂ ಸೇರಿಸಿ ಒಂದು ಊಟದ ತಟ್ಟೆಯ ಬೆಲೆ ಲೆಕ್ಕ ಹಾಕಿತು. 2006-07ರಿಂದ ಆಚೆಗೆ ಸಸ್ಯಾಹಾರಿ ಊಟ ಶೇ 29ರಷ್ಟು ಹೆಚ್ಚು ಕೈಗೆಟುಕುವಂತಾಗಿದೆ ಎಂದು ಹೇಳಿತು. ಸಂತೋಷ. ಆದರೆ ಆ ತಟ್ಟೆಯ ಬೆಲೆಯನ್ನು ಅವರು ತೂಗಿ ನೋಡಿದ್ದು ಸಂಘಟಿತ ಕಾರ್ಖಾನೆಯ ಕಾರ್ಮಿಕನ ಸಂಪಾದನೆಯ ಎದುರು. ಕೆಲಸ ಸಿಕ್ಕ ದಿನ ಕೂಲಿ, ಸಿಗದ ದಿನ ಬರಿಗೈ ಎಂಬ ಸಂಸಾರ ಆ ತಕ್ಕಡಿಯಲ್ಲಿ ಕೂರಲೇ ಇಲ್ಲ.

ಆ ಸಂಸಾರವನ್ನು ಕೂರಿಸಿ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ಮಾದರಿ ತಟ್ಟೆಯಿದೆ. ಒಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು, 35 ಗ್ರಾಂ ಶೇಂಗಾದಂಥ ಬೀಜಗಳು, 27 ಗ್ರಾಂ ಎಣ್ಣೆ. ನಾಲ್ಕು ಜನಕ್ಕೆ ತಿಂಗಳಿಗೆ ಗುಣಿಸಿದರೆ ಧಾನ್ಯ 30 ಕೆ.ಜಿ. ಸಾಕು, ರೇಷನ್ ಕೊಡುವುದು 40. ಅಲ್ಲಿಗೆ ಒಂದು ಖಾನೆ ತುಂಬಿ ಚೆಲ್ಲಿತು. ಉಳಿದವು ಹೀಗೆ: ಬೇಳೆಕಾಳು 10 ಕೆ.ಜಿ., ತರಕಾರಿ 48 ಕೆ.ಜಿ., ಹಾಲು 36 ಲೀಟರ್, ಹಣ್ಣು 12 ಕೆ.ಜಿ., ಶೇಂಗಾ 4 ಕೆ.ಜಿ., ಎಣ್ಣೆ 3 ಕೆ.ಜಿ. ಬೇಳೆಕಾಳಿಗೆ 120, ತರಕಾರಿಗೆ 40, ಹಾಲಿಗೆ 45, ಹಣ್ಣಿಗೆ 60, ಶೇಂಗಾಕ್ಕೆ 130, ಎಣ್ಣೆಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 6,430 ರೂಪಾಯಿ. ಗ್ಯಾಸು, ಉಪ್ಪು, ಹುಳಿ, ಖಾರದಪುಡಿ ಇದರಲ್ಲಿ ಸೇರಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಅಂಕಿ ಇಡಬೇಕು. 2022-23ರ ಅದೇ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ತೀರ ಕೆಳಗಿನ ಶೇ 5ರಷ್ಟು ಜನರ ತಲಾ ತಿಂಗಳ ಖರ್ಚು 1,373 ರೂಪಾಯಿ. ನಾಲ್ಕು ಜನಕ್ಕೆ 5,492. ಅದು ಊಟಕ್ಕಷ್ಟೇ ಮೀಸಲಿಟ್ಟ ದುಡ್ಡೂ ಅಲ್ಲ. ಬಟ್ಟೆ, ಬಸ್ಸು, ಔಷಧಿ, ಮೊಬೈಲ್ ರೀಚಾರ್ಜು, ಮಗಳ ನೋಟ್‌ಬುಕ್ಕು ಎಲ್ಲವೂ ಅದರಲ್ಲೇ ಆಗಬೇಕು. ಆಮೇಲಿನ ವರ್ಷಗಳ ಏರಿಕೆಯನ್ನು ಸೇರಿಸಿಕೊಂಡರೂ ಈ ಎರಡು ಅಂಕಿಗಳ ನಡುವಿನ ಕಂದಕ ಉಚಿತ ಅಕ್ಕಿಯಿಂದ ಮುಚ್ಚುವಂಥದ್ದಲ್ಲ. ರೇಷನ್ ಅಕ್ಕಿಯನ್ನು ಹತ್ತಿಪ್ಪತ್ತು ರೂಪಾಯಿಗೆ ಮಾರಿಕೊಳ್ಳುವವರ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು 'ದುರ್ಬಳಕೆ' ಎಂದು ಬರೆಯುತ್ತವೆ. ಕಾನೂನಿನ ಕಣ್ಣಿಗೆ ಅದು ತಪ್ಪೇ. ಅಡುಗೆಮನೆಯ ಕಣ್ಣಿಗೆ ಅದು ಹೆಚ್ಚಿಗೆಯಾದ ಅಕ್ಕಿ ಕೊಟ್ಟು ಇಲ್ಲದ ಬೇಳೆ ತರುವ ವ್ಯಾಪಾರ.

ಹಾಗಾದರೆ ಬಡವರ ಮನೆಗಳಲ್ಲಿ ಈ ಕಂದಕವನ್ನು ಹೇಗೆ ದಾಟುತ್ತಿದ್ದರು? ಹಳೆ ಮೈಸೂರಿನ ಬಸ್ಸಾರನ್ನು ಹತ್ತಿರದಿಂದ ನೋಡಿದರೆ ಅದರಲ್ಲೊಂದು ಪೂರ್ತಿ ಅರ್ಥಶಾಸ್ತ್ರ ಕಾಣುತ್ತದೆ. ಹುರುಳಿಯನ್ನೋ ಅಲಸಂದೆಯನ್ನೋ ಬೇಯಲಿಡುತ್ತಾರೆ. ಕಾಳು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಹೆಚ್ಚಿ ಹಾಕಿ, ಉಪ್ಪು ಬೆರೆಸಿ, ಬೆಂದ ಮೇಲೆ ಬಸಿಯುತ್ತಾರೆ. ಬಸಿದ ಕಟ್ಟು ಸಾರಿಗೆ, ಕೆಳಗುಳಿದ ಕಾಳು-ಸೊಪ್ಪು ಪಲ್ಯಕ್ಕೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆಹಣ್ಣು, ಚೂರು ಕಾಯಿ ರುಬ್ಬುವಾಗ ಬೆಂದ ಕಾಳು-ಸೊಪ್ಪನ್ನೇ ಒಂದು ಹಿಡಿ ಸೇರಿಸಿದರೆ ಸಾರಿಗೆ ಮಂದ ಬರುತ್ತದೆ, ಬೇಳೆ ಬೇಕಾಗುವುದಿಲ್ಲ. ಒಂದೇ ಬೇಯುವಿಕೆಯಲ್ಲಿ ಎರಡು ಮೇಲೋಗರ. ಸೊಪ್ಪು ಬೇಯಿಸಿದ ನೀರು ಬಚ್ಚಲಿಗೆ ಹೋಗುವುದಿಲ್ಲ. ಎಣ್ಣೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಮಾರನೆ ದಿನ ಅದೇ ಸಾರನ್ನು ಕುದಿಸಿದರೆ ರುಚಿ ಇನ್ನೂ ಏರುತ್ತದೆ. ಬೆರಕೆ ಸೊಪ್ಪು ಎಂದರೆ ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ, ಗೋಣಿ. ಒಂದು ಕಾಲಕ್ಕೆ ಅದಕ್ಕೆ ಬೆಲೆಯೇ ಇರಲಿಲ್ಲ. ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಅದನ್ನು ಹುಡುಕಬೇಕು. ಪೇಟೆಯವರು ಕಟ್ಟಿಗಿಷ್ಟು ಎಂದು ಕೊಟ್ಟು ಕೊಳ್ಳಬೇಕು.

ಉತ್ತರಕ್ಕೆ ಹೋದರೆ ಉಪಾಯ ಬೇರೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಪುಂಡಿಪಲ್ಲೆಗೆ ಜೋಳದ ನುಚ್ಚು ಸೇರಿಸಿ ಹಿಗ್ಗಿಸುತ್ತಾರೆ, ಬೇಳೆ ಒಂದು ಮುಷ್ಟಿ ಸಾಕು. ಎಣ್ಣೆಬೀಜವನ್ನು ಗಾಣಕ್ಕೆ ಕೊಡದೆ ಇಡಿಯಾಗಿ ಕುಟ್ಟಿ ತಿನ್ನುವುದರಿಂದ ಎಣ್ಣೆಯ ಜೊತೆ ಪ್ರೋಟೀನೂ ಹೊಟ್ಟೆಗೆ ಬೀಳುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಶುರುವಾದ 1950ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳನ್ನು ಕಾಡಿದ್ದೂ ಇದೇ ಪ್ರಶ್ನೆ: ಬಡವರಿಗೆ ಅಗ್ಗದ ಪ್ರೋಟೀನು ಎಲ್ಲಿಂದ ತರುವುದು? ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗ ಮರಗೆಣಸಿನ ಹಿಟ್ಟಿಗೆ ಶೇಂಗಾ ಹಿಟ್ಟು ಬೆರೆಸಿ 'ಮೈಸೂರು ಹಿಟ್ಟು' ಮಾಡಿದರು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಸೇರಿಸಿ ಬಹೂಪಯೋಗಿ ಆಹಾರ ಮಾಡಿದರು. ಒಳ್ಳೆಯ ಕೆಲಸ. ಆದರೆ ಅವು ನಮ್ಮ ಮನೆಗಳ ಡಬ್ಬಿಗಳಲ್ಲಿ ನೆಲೆಯೂರಲಿಲ್ಲ. ವಿಜಯಪುರದ ಅಜ್ಜಿ ರೊಟ್ಟಿಯ ಮೇಲೆ ಹಿಂಡಿ ಹಚ್ಚಿ ಅದೇ ಸೂತ್ರವನ್ನು ಎಂದೋ ಬಗೆಹರಿಸಿಕೊಂಡಿದ್ದಳು, ಅದೂ ನಾಲಿಗೆಗೆ ರುಚಿಸುವ ಹಾಗೆ.

ಕರಾವಳಿಯವರಿಗೆ ಬೂತಾಯಿ ಇದೆ. ಹೆಚ್ಚು ಬಿದ್ದ ದಿನ ಅಂಜಲ್‌ನ ಬೆಲೆಯ ಹತ್ತಿರವೂ ಸುಳಿಯದ ಈ ಮೀನು ಪೌಷ್ಟಿಕತೆಯಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಜೂನ್-ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದಾಗ ಒಣಮೀನು, ಹಲಸಿನ ಬೀಜ, ಕೆಸು, ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ. ಮಲೆನಾಡಿನ ತಂಬುಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಹಿತ್ತಲಿನ ಎಲೆ, ಮಜ್ಜಿಗೆ, ಒಗ್ಗರಣೆ, ಅಷ್ಟೆ. ಆದರೆ ಅದಕ್ಕೂ ಹಿತ್ತಲು ಬೇಕು ಎಂಬುದು ಬಾಡಿಗೆ ಮನೆಯಲ್ಲಿರುವವರಿಗೆ ತಟ್ಟನೆ ಹೊಳೆಯುವ ಮಾತು.

ಈ ಹಳೆಯ ಉಪಾಯಗಳನ್ನು ಹೊಗಳಿ ಲೇಖನ ಮುಗಿಸುವುದು ಸುಲಭ. ಸಿರಿಧಾನ್ಯ ಮೇಳಗಳಲ್ಲಿ ನಡೆಯುವುದು ಅದೇ. ಆದರೆ 'ಬಡವರ ಊಟ' ಎನ್ನಿಸಿಕೊಂಡಿದ್ದ ಎಷ್ಟೋ ಪದಾರ್ಥಗಳು ಈಗ ಬಡವರಿಗೆ ಅಗ್ಗವಾಗಿ ಉಳಿದಿಲ್ಲ. ರಾಗಿಯನ್ನೇ ತೆಗೆದುಕೊಳ್ಳಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಾಲು ಕೊಳ್ಳಲಾಗದ ಮನೆಗೆ ಇದು ಸಣ್ಣ ಮಾತಲ್ಲ. ಆದರೆ 2025-26ಕ್ಕೆ ಕೇಂದ್ರ ಗೊತ್ತುಪಡಿಸಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ, ಸಾಧಾರಣ ಭತ್ತಕ್ಕೆ 2,369. ರೈತನ ಕಡೆಯಿಂದ ನೋಡಿದರೆ ಇದು ನ್ಯಾಯವೇ, ನನಗೆ ತಕರಾರಿಲ್ಲ. ಕೊಂಡು ತಿನ್ನುವ ಕೂಲಿಕಾರನಿಗೆ ಮಾತ್ರ ಪುಕ್ಕಟೆ ಅಕ್ಕಿ ಎದುರಿಗಿರುವಾಗ ಮುದ್ದೆ ಒಂದು ಖರ್ಚು. ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ, ಉತ್ತರದಲ್ಲಿ ಜೋಳವನ್ನು ಅಕ್ಕಿಯ ಒಂದು ಭಾಗದ ಬದಲು ರೇಷನ್ನಿನಲ್ಲಿ ಕೊಡುವ ಕ್ರಮ ಇದಕ್ಕೆ ಸಿಕ್ಕ ಅತ್ಯಂತ ನೇರವಾದ ಪರಿಹಾರ. ಖರೀದಿ ಕಡಿಮೆಯಾದ ವರ್ಷ ಮಾತ್ರ ಅದೂ ಕೈಕೊಡುತ್ತದೆ.

ಬೇಳೆಯ ಕಥೆ ಇದಕ್ಕಿಂತ ವಿಚಿತ್ರ. ಕಲಬುರಗಿ ತೊಗರಿಯ ಕಣಜ. 2019ರಲ್ಲಿ ಅದರ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. 2022ರಲ್ಲಿ ಅಲ್ಲಿ ನೆಟೆ ರೋಗ ಬಡಿಯಿತು, ಮರುವರ್ಷ ಬರ ಬಂತು, ಬೇಳೆಯ ಚಿಲ್ಲರೆ ಬೆಲೆ ಕೆ.ಜಿ.ಗೆ 150 ರೂಪಾಯಿ ದಾಟಿತು. ಆಮೇಲೆ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಸುಂಕವಿಲ್ಲದೆ ಬಂದ ತೊಗರಿ ಬೆಲೆ ಇಳಿಸಿತು. ಆಗ ಅತ್ತದ್ದು ರೈತ. ಬೆಲೆ ಏರಿದಾಗ ಮನೆಯಾಕೆಯ ಹತ್ತಿರ ಇರುವ ಮದ್ದು ಒಂದೇ, ಸಾರಿಗೆ ನೀರು. ಇಡೀ ದಕ್ಷಿಣದ ಊಟ ತೊಗರಿಬೇಳೆಯೊಂದಕ್ಕೇ ಜೋತುಬಿದ್ದದ್ದು ಈ ಸಂಕಟದ ಅರ್ಧ ಕಾರಣ ಎಂದು ನನ್ನ ಅನಿಸಿಕೆ. ಹುರುಳಿಯಲ್ಲಿ ತೊಗರಿಯಷ್ಟೇ ಪ್ರೋಟೀನಿದೆ, ನೂರಕ್ಕೆ ಸುಮಾರು 22 ಪಾಲು. ಮಳೆ ಕಮ್ಮಿಯಾದರೂ ಬೆಳೆಯುತ್ತದೆ. ಸಾಮಾನ್ಯವಾಗಿ ಅಗ್ಗ. ಆದರೆ ದನಕ್ಕೆ ಹಾಕುವ ಕಾಳು ಎಂಬ ಹಣೆಪಟ್ಟಿ ಅದಕ್ಕೆ ಅಂಟಿದೆ, ಜೊತೆಗೆ ಬೇಯಲು ಹೊತ್ತು ಬೇಕು.

ಆ ಹೊತ್ತು ಎನ್ನುವುದನ್ನು ಯಾವ ಬೆಲೆಪಟ್ಟಿಯೂ ತೋರಿಸುವುದಿಲ್ಲ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಬೆಳಿಗ್ಗೆ ಐದಕ್ಕೆದ್ದು, ನಲ್ಲಿ ನೀರು ಬಂದರೆ ಹಿಡಿದು, ಎಂಟೂವರೆಯೊಳಗೆ ನಾಲ್ಕು ಡಬ್ಬಿ ಕಟ್ಟಬೇಕು. ಬೆರಕೆ ಸೊಪ್ಪು ಬಿಡಿಸಲು ಅವಳಿಗೆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಚಿತ್ರಾನ್ನ ಅಗ್ಗದ ಊಟವೆಂದು ಗೆದ್ದದ್ದಲ್ಲ, ಹತ್ತು ನಿಮಿಷದ ಊಟವೆಂದು ಗೆದ್ದದ್ದು. ಅದರಲ್ಲಿ ಇರುವುದು ಅನ್ನ, ಎಣ್ಣೆ, ಅರಿಶಿನ, ನಾಲ್ಕು ಕಡಲೆಬೀಜ. ಗ್ಯಾಸ್ ಸಿಲಿಂಡರನ್ನು ತಿಂಗಳಾಚೆಗೂ ಎಳೆಯಬೇಕಾದ ಮನೆಯಲ್ಲಿ ಗಟ್ಟಿ ಕಾಳು ಬೇಯಿಸುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ರಾತ್ರಿ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಉರುವಲು ಉಳಿಯುತ್ತದೆ ಎಂಬುದು ಅವರಿಗೂ ಗೊತ್ತು. ಕೆಲಸ ಮುಗಿಸಿ ಬಂದು ಸುಸ್ತಾಗಿ ಮಲಗಿದಾಗ ನೆನೆಹಾಕಲು ಮರೆತುಹೋಗುತ್ತದೆ.

ಅಂಗಡಿಯ ಕಡೆಯ ಪೆಟ್ಟು ಬೇರೆಯೇ. ಮೂಟೆಯಲ್ಲಿ ಕೊಂಡವನಿಗೆ ಅಗ್ಗ, ಪಾಕೀಟಿನಲ್ಲಿ ಕೊಂಡವನಿಗೆ ತುಟ್ಟಿ. ಸಂಜೆ ಕೂಲಿ ಕೈಗೆ ಬಂದ ಮೇಲೆ "ಅಣ್ಣಾ, ಕಾಲು ಕೆ.ಜಿ. ಬೇಳೆ, ಇಪ್ಪತ್ತು ರೂಪಾಯಿ ಎಣ್ಣೆ" ಎಂದು ಕೇಳುವವರಿಗೆ ತಿಂಗಳ ಸಾಮಾನು ಒಟ್ಟಿಗೆ ತರುವ ಮಾತು ಹೇಳಿ ಪ್ರಯೋಜನವಿಲ್ಲ. ಬೀದಿಯ ಅಂಗಡಿ ಕೆ.ಜಿ.ಗೆ ನಾಲ್ಕೈದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಬರೆದಿಟ್ಟುಕೊಂಡು ಉದ್ರಿ ಕೊಡುತ್ತದೆ. ದೊಡ್ಡ ಮಾರ್ಟು ಕೊಡುವುದಿಲ್ಲ. ಆ ಹೆಚ್ಚಿನ ರೂಪಾಯಿ ಉದ್ರಿಯ ಬಡ್ಡಿ ಎಂದು ಎರಡೂ ಕಡೆಯವರಿಗೂ ತಿಳಿದಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂತೆ ಮುರಿಯುವ ಹೊತ್ತಿಗೆ ಹೋಗಿ ಉಳಿದ ತರಕಾರಿಯನ್ನು ಗುಡ್ಡೆ ಲೆಕ್ಕದಲ್ಲಿ ತರುವುದು, ಟೊಮೆಟೊ ತುಟ್ಟಿಯಾದರೆ ಹುಣಿಸೆಗೆ ಇಳಿಯುವುದು, ಇವೆಲ್ಲ ಯಾರೂ ಹೇಳಿಕೊಡದೆ ನಡೆಯುತ್ತವೆ. 2023ರ ಜುಲೈಯಲ್ಲಿ ಕೆ.ಜಿ. ಟೊಮೆಟೊ ನೂರರ ಗಡಿ ದಾಟಿದಾಗ ಹೋಟೆಲುಗಳು ಗೋಳಾಡಿದವು. ಹಳ್ಳಿಯ ಮನೆಗಳಲ್ಲಿ ಸದ್ದಿಲ್ಲದೆ ಹುಣಿಸೆ ನೆನೆಯಿತು. ಎಣ್ಣೆಗೆ ಮಾತ್ರ ಇಂಥ ಬದಲಿ ಇಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿದರೆ ಅದರ ಬಿಸಿ ಶೇಂಗಾ ಎಣ್ಣೆಯ ಊರಾದ ಚಳ್ಳಕೆರೆಯ ಬಾಣಲೆಗೂ ತಟ್ಟುತ್ತದೆ.

ಧಾನ್ಯ ಬಿಟ್ಟ ಜಾಗದಲ್ಲಿ ಬಂದು ಕೂತವರಲ್ಲಿ ದೊಡ್ಡವನು ಯಾರು ಎಂದು ಅದೇ ಬಳಕೆ ವೆಚ್ಚ ಸಮೀಕ್ಷೆ ತೋರಿಸುತ್ತದೆ: ಪಾನೀಯ, ತಿಂಡಿ, ಸಿದ್ಧ ಆಹಾರ. 2022-23ರಲ್ಲಿ ಹಳ್ಳಿಯ ಖರ್ಚಿನ ಶೇ 9.6, ಪಟ್ಟಣದ ಶೇ 10.6. ಇದನ್ನು ಕಂಡು ಬಡವರಿಗೆ ಬುದ್ಧಿ ಹೇಳುವವರು ಬಹಳ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಎಷ್ಟೋ ವರ್ಷದಿಂದ ಐದು ರೂಪಾಯಿಯಾಗಿಯೇ ಇದೆ, ಕರಗುತ್ತ ಬಂದದ್ದು ಒಳಗಿನ ತೂಕ. ದಿನಗೂಲಿಯ ತಾಯಿಗೆ ಅದು ಬೆಲೆ ಏರದ ಒಂದೇ ಪದಾರ್ಥವಾಗಿ ಕಾಣುತ್ತದೆ. ಒಲೆ ಬೇಡ, ಹೊತ್ತು ಬೇಡ, ಮಗು ಅಳು ನಿಲ್ಲಿಸುತ್ತದೆ. ಐದು ರೂಪಾಯಿಗೆ ಒಂದು ಬಾಳೆಹಣ್ಣು ಬಂದೀತು ಎಂಬುದು ನಿಜ. ಆದರೆ ಬಾಳೆಹಣ್ಣಿಗೆ ಟೀವಿಯಲ್ಲಿ ಜಾಹೀರಾತಿಲ್ಲ.

ಮನೆಯಾಚೆ ಸಿಗುವ ಊಟವೂ ಮನೆಯ ಖರ್ಚಿನ ಲೆಕ್ಕವೇ. ಶಾಲೆಯ ಬಿಸಿಯೂಟ, 2013ರಿಂದ ಬಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ 2017ರಿಂದ ಸಿಗುವ ಮಾತೃಪೂರ್ಣದ ಊಟ, ಅದೇ ವರ್ಷ ಬೆಂಗಳೂರಿನಲ್ಲಿ ತೆರೆದ ಇಂದಿರಾ ಕ್ಯಾಂಟೀನಿನ ಐದು ರೂಪಾಯಿ ತಿಂಡಿ, ಹತ್ತು ರೂಪಾಯಿ ಊಟ. ಇವುಗಳಲ್ಲಿ ನನ್ನ ಮಟ್ಟಿಗೆ ಹೆಚ್ಚು ಬಾಳುವುದು ಶಾಲೆಯ ಮೊಟ್ಟೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟು ಯೋಜನೆ ಮುಂದುವರಿಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿದ ಮೇಲೆ ಅದು ವಾರಕ್ಕೆ ಆರು ದಿನವಾಯಿತು. ಮನೆಯಲ್ಲಿ ಎರಡು ಮೊಟ್ಟೆ ತಂದು ಸಾರಿಗೆ ಒಡೆದು ಹಾಕಿ ಐದು ಜನ ಹಂಚಿಕೊಳ್ಳುವ ಸಂಸಾರದಲ್ಲಿ ಒಂದು ಮಗುವಿಗೆ ಒಂದು ಇಡೀ ಮೊಟ್ಟೆ ಎಂದರೆ ಏನೆಂದು ವಿರೋಧಿಸಿದವರಿಗೆ ಹೊಳೆಯಲಿಲ್ಲವೇನೋ. ದನದ ಮಾಂಸದ ಮಾತೂ ಇಲ್ಲಿ ಬರಬೇಕು. ದಲಿತ, ಮುಸ್ಲಿಂ, ಕ್ರೈಸ್ತ ಬಡ ಮನೆಗಳಿಗೆ ಕುರಿ-ಕೋಳಿಗಿಂತ ಅಗ್ಗದ ವಾರದ ಬಾಡೂಟ ಅದಾಗಿತ್ತು. 2020ರ ಗೋಹತ್ಯೆ ನಿಷೇಧ ಕಾನೂನಿನಿಂದ ಅದು ಬಹುಮಟ್ಟಿಗೆ ಕೈತಪ್ಪಿತು. ಅದರ ಬದಲಿಗೆ ಅವರ ತಟ್ಟೆಗೆ ಏನು ಬಂತು ಎಂದು ವಿಧಾನಸಭೆಯಲ್ಲಿ ಕೇಳಬೇಕಾದಷ್ಟು ಯಾರೂ ಕೇಳಲಿಲ್ಲ.

ಎಲ್ಲ ಉಪಾಯ ಮುಗಿದ ಮೇಲೆ ಉಳಿಯುವ ಒಂದು ಉಳಿತಾಯವಿದೆ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಕೂರುವವಳ ತಟ್ಟೆಗೆ ಅನ್ನ ಬರುತ್ತದೆ, ಪಲ್ಯ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಜನರಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಅಕ್ಕಿ ಧಾರಾಳವಾಗಿದ್ದ ವರ್ಷಗಳ ಅಂಕಿ ಇವು. ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ನೇರ ಅವಳ ಖಾತೆಗೆ ಬರುವುದು ಅದಕ್ಕೇ ಮುಖ್ಯ. ಮೇಲೆ ಹಾಕಿದ 6,430ರ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಸಾಲುವ ದುಡ್ಡು. ಸಮಯಕ್ಕೆ ಸರಿಯಾಗಿ ಬಂದರೆ.

ಅಕ್ಕಿಯ ಉತ್ತರ ಸಾಲದೆಂದು ಕಡೆಗೂ ಸರ್ಕಾರಕ್ಕೆ ಹೊಳೆದಂತಿದೆ. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ದುಡ್ಡು ಕೊಡುವುದಕ್ಕಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ದುಡ್ಡಿಗೆ ಮನೆಯಲ್ಲಿ ಹತ್ತು ದಾರಿ, ಬೇಳೆಗೆ ಒಂದೇ ದಾರಿ. ಆದರೆ ಆ ಚೀಲದಲ್ಲಿ ಸಕ್ಕರೆಗೆ ಏನು ಕೆಲಸ? ಅದೇ ದುಡ್ಡಿಗೆ ಬಯಲುಸೀಮೆಯ ಒಣಭೂಮಿಯ ಹುರುಳಿಯನ್ನೋ ಅಲಸಂದೆಯನ್ನೋ ತುಂಬಬಹುದಿತ್ತು. ಮಳೆ ನಂಬಿದ ರೈತನಿಗೆ ಗಿರಾಕಿ ಸಿಗುತ್ತಿದ್ದ, ಕಲಬುರಗಿಯಲ್ಲಿ ನೆಟೆ ರೋಗ ಬಂದ ವರ್ಷವೂ ಸಾರು ತೆಳ್ಳಗಾಗುತ್ತಿರಲಿಲ್ಲ. ಹುರುಳಿಗೂ ಬೆಂಬಲ ಬೆಲೆ ಗೊತ್ತುಪಡಿಸಿ ಕೊಂಡು, ಜಿಲ್ಲೆಯಲ್ಲೇ ಒಡೆಸಿ ಬೇಳೆ ಮಾಡಿಸಿದರೆ ಬೇಯುವ ಹೊತ್ತೂ ಇಳಿಯುತ್ತದೆ, ಗ್ಯಾಸೂ ಉಳಿಯುತ್ತದೆ.